ಟಾಕಿಗೆ ಹಚ್ರಿ, ಕನ್ನಡಿ ಬಿಡ್ರಿ

ನಿನ್ನೆ ಖಂಡೇಪೂಜೆ, ನವರಾತ್ರಿಯ ಆಯುಧಪೂಜೆ. ಬೆಳಗಿನಿಂದ ಮಾಡಿದ ಕೆಲಸ ಇಷ್ಟು: ಅಂಗಳ ತೊಳೆದೆ. ಕಡಲೆಬೇಳೆ ಕುದಿಯಲು ಇಟ್ಟೆ. ಹೊಲಿಗೆ ಮಷಿನ್ನಿನ ಹೊಟ್ಟೆಯೊಳಗೆ ಸೇರಿದ್ದ ದಾರದ ಚೂರುಗಳನ್ನು ತೆಗೆದು ಎಣ್ಣೆ ಬಿಟ್ಟೆ. ದೊಡ್ಡ ಕತ್ತರಿ, ಸಣ್ಣ ಕತ್ತರಿ, ಈಳಿಗೆ, ಕುಡಗೋಲು, ನಮ್ಮವರು ನಟ್ಟು ಬಿಚ್ಚುವ ಪಾನಾಗಳು, ಎಲ್ಲವನ್ನೂ ಒರೆಸಿ ಟವೆಲ್ಲಿನ ಮೇಲೆ ಸಾಲಾಗಿ ಇಟ್ಟೆ. ಚೆಂಡುಹೂ ಪೋಣಿಸಿದೆ. ಹೂರಣ ರುಬ್ಬಿದೆ. ನಮ್ಮವರು ಮೋಟರ್‌ಸೈಕಲ್ಲು ತೊಳೆದು ಬಾಗಿಲ ಮುಂದೆ ತಂದು ನಿಲ್ಲಿಸಿದರು. ವಿಭೂತಿ ನೀರಲ್ಲಿ ಕಲಸಿಕೊಂಡು ಮಷಿನ್ನಿಗೆ ಮೂರು ಬೆರಳು ಎಳೆದೆ. ಕತ್ತರಿಗೆ ಎಳೆದೆ, ಕಪಾಟಿನ ಕನ್ನಡಿಗೆ ಎಳೆದೆ, ಗಾಡಿಯ ದೀಪಕ್ಕೆ ಎಳೆದೆ, ಪೆಟ್ರೋಲಿನ ಟಾಕಿಗೆ ಎಳೆದೆ. ಹ್ಯಾಂಡಲ್ಲಿನ ಕನ್ನಡಿಯ ಹತ್ತಿರ ಬಂದಾಗ ಕೈ ನಿಂತಿತು.

ಎಂಟು ವರ್ಷದಿಂದ ಅಲ್ಲಿಯೇ ನಿಲ್ಲುತ್ತದೆ. ನಿಂತು, ಹಿಂದಕ್ಕೆ ಬಂದು, ಮುಂದಿನ ಕೆಲಸಕ್ಕೆ ಹೋಗುತ್ತದೆ. ನಿನ್ನೆ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಮಾಸ್ತರರು ತೀರಿಕೊಂಡು ಹದಿನೆಂಟು ದಿನವಾಗಿತ್ತು.

ಮಾಸ್ತರರೆಂದರೆ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಹನ್ನೊಂದು ವರ್ಷ ಬಾಡಿಗೆಗಿದ್ದವರು. ಗೊಳಸಂಗಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಊರು ಇಂಡಿ, ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಮೊದಲು ಮುದ್ದೇಬಿಹಾಳದಲ್ಲಿ, ಆಮೇಲೆ ಸಿಂದಗಿಯಲ್ಲಿ ನೌಕರಿ ಮಾಡಿ, ಕಡೆಗೆ ಬಸವನ ಬಾಗೇವಾಡಿಗೆ ಬಂದು ನಮ್ಮ ಓಣಿ ಹಿಡಿದರು. ಮದುವೆಯಾಗಿರಲಿಲ್ಲ. ಸಾಮಾನೆಂದರೆ ಒಂದು ಸ್ಟೋವು, ಒಂದು ಹಾಸಿಗೆ, ಎರಡು ಟ್ರಂಕು ಪುಸ್ತಕ, ಮತ್ತು ಆ ಮೋಟರ್‌ಸೈಕಲ್ಲು.

ಅವರು ಕುಳಿತದ್ದನ್ನು ನಾನು ನೋಡಿದ್ದು ಗಾಡಿಯ ಮೇಲೆ ಮಾತ್ರ. ಚಹಾ ನಿಂತೇ ಕುಡಿಯುವರು. “ಕೂಡ್ರಿ ಸರ,” ಅಂದರೆ, “ಕೂತ್ರ ಮತ್ತ ಏಳಬೇಕಾಗ್ತದ್ರಿ,” ಅನ್ನುವರು. ಕಪ್ಪು ಹಿಡಿದು ಹೊಸ್ತಿಲಿನಿಂದ ಬೇವಿನ ಗಿಡದವರೆಗೆ, ಬೇವಿನ ಗಿಡದಿಂದ ಗಾಡಿಯವರೆಗೆ. ಗಾಡಿ ಬಂತೆಂದರೆ ಬಲಗೈಯ ತೋರುಬೆರಳು ಕನ್ನಡಿಯ ಅಂಚಿಗೆ ಹೋಗಬೇಕು. ಕೂದಲೆಳೆಯಷ್ಟು ಒತ್ತುವರು. ಹಿಂದೆ ಸರಿದು ನೋಡುವರು. ಮತ್ತೆ ಬಂದು ಒತ್ತಿದಷ್ಟನ್ನೇ ವಾಪಸು ಎಳೆಯುವರು. ನೋಡುವ ನನಗೇ ಮಷಿನ್ನಿನ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಹಿಂದಿನಿಂದ ಯಾರಾದರೂ ಕರೆದರೆ ಅವರು ತಲೆ ತಿರುಗಿಸುತ್ತಿರಲಿಲ್ಲ. ಇಬ್ಬರು ಸೇರಿ ಕಪಾಟು ತಿರುಗಿಸಿ ಇಟ್ಟ ಹಾಗೆ, ಕಾಲಿನಿಂದ ಹಿಡಿದು ಇಡೀ ಮೈ ತಿರುಗುತ್ತಿತ್ತು. “ಎಟ್ ಸೊಕ್ಕರಿ ಈ ಮಾಸ್ತರಗ, ಕರದ್ರ ಹೊಳ್ಳಿ ನೋಡಂಗಿಲ್ಲ,” ಎಂದು ಓಣಿಯವರು ಆಡಿಕೊಂಡರು. ನಾನೂ ಹಾಗೇ ತಿಳಿದಿದ್ದೆ, ಅಂಗಿಯ ಕಾಲರು ಚುಚ್ಚುತ್ತದೆ ಎಂದು ಅವರು ನನ್ನ ಹತ್ತಿರ ಬರುವ ತನಕ. ಓಣಿಯ ಅಂಗಿ-ಕುಬಸ ಹೊಲಿಯುವುದು ನನ್ನ ಕೆಲಸ. ಟೇಪು ಹಿಡಿದು, “ಕುತ್ತಿಗಿ ಸ್ವಲ್ಪ ಬಗ್ಗಸ್ರಿ ಸರ,” ಅಂದೆ. ಬಗ್ಗಲಿಲ್ಲ. “ಈ ಕಡೆ ಹೊಳ್ಳಸ್ರಿ.” ಹೊಳ್ಳಲಿಲ್ಲ. ನಗುತ್ತಲೇ ನಿಂತಿದ್ದರು. ಹಣೆಯ ಮೇಲೆ ಬೆವರಿತ್ತು.

“ಎಷ್ಟ ದಿನಾ ಆತ್ರಿ ಹಿಂಗಾಗಿ?”

“ಸಿಂದಗ್ಯಾಗ ಇದ್ದಾಗಿಂದ. ಎಲುಬು ಒಂದಕ್ಕೊಂದು ಅಂಟಿಕೊಳ್ಳಿಕ್ಕತ್ತಾವ್ರಿ. ಡಾಕ್ಟರ ಗಾಡಿ ಬಿಡು ಅಂದ. ನಾ ಡಾಕ್ಟರನ್ನ ಬಿಟ್ಟೆ.”

“ಅಯ್ಯ, ಹಿಂದ ಬರೂದು ಹೆಂಗ ಕಾಣಬೇಕ್ರಿ ನಿಮಗ?”

ಬಾಗಿಲಾಚೆ ನಿಂತ ಗಾಡಿಯ ಕಡೆ ಕೈ ಮಾಡಿದರು. “ಕನ್ನಡಿ ಎರಡು ಅದಾವಲ್ರಿ.” ಆಮೇಲೆ ದನಿ ಇಳಿಸಿ, “ಅಕ್ಕಾರ, ಯಾರಿಗೂ ಹೇಳಬ್ಯಾಡ್ರಿ. ನಮ್ಮ ತಮ್ಮಗ ಗೊತ್ತಾದ್ರ ಇಂಡಿಗೆ ಒಯ್ದು ಕಟ್ಟಿ ಮ್ಯಾಲೆ ಕುಂಡ್ರಸ್ತಾನ. ನನಗ ಕುಂಡ್ರಲಿಕ್ಕೆ ಬರೂದಿಲ್ಲ,” ಅಂದರು.

ನಾನು ಯಾರಿಗೂ ಹೇಳಲಿಲ್ಲ. ನಮ್ಮವರಿಗೂ ಹೇಳಲಿಲ್ಲ. ಕಾಲರಿನ ಹಿಂಬದಿ ಎರಡು ಬೆರಳು ತಗ್ಗಿಸಿ ಹೊಲಿದುಕೊಟ್ಟೆ.

ಭಾನುವಾರ ಓಣಿ ಖಾಲಿ ಇದ್ದಾಗ ಅವರದೊಂದು ಆಟವಿತ್ತು. ಗಾಡಿಯನ್ನು ಎರಡು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಓಡಿಸುವಾಗ ಕೂಡುವ ಹಾಗೆಯೇ ಕುಳಿತು, ಎರಡೂ ಕೈ ಹ್ಯಾಂಡಲ್ಲಿಗೆ ಹಾಕಿ ಕನ್ನಡಿ ನೋಡುವರು. ನಾನು ನಳದಿಂದ ಕೊಡ ಹೊತ್ತು ಬರುತ್ತಿರುವೆ. “ಅಕ್ಕಾರ, ಅಲ್ಲೇ ನಿಂದರ್ರಿ! ಒಂದ ಹೆಜ್ಜಿ ಬಲಕ್ಕ. ಇನ್ನೊಂದು. ಹಾಂ, ಹೋದ್ರಿ ನೋಡ್ರಿ, ಕೊಡಾ ಸುದ್ದ ಹೋದ್ರಿ!”

“ಎಲ್ಲಿ ಹೋಗ್ಲಿರಿ, ಇಲ್ಲೇ ಅದೇನಲ್ರಿ!”

“ನಿಮಗ ಇದ್ದೀರಿ. ನನಗ ಇಲ್ಲ.” ಇಳಿದು ಬಂದು ನನ್ನ ಕಾಲ ಬುಡಕ್ಕೆ ಸಾಲಿಯ ಹಲಗೆಗೆ ಬರೆಯುವ ಖಡುವಿನಿಂದ ಗುರುತು ಹಾಕುವರು. ಹೀಗೆ ಗುರುತು ಕೂಡಿಸುತ್ತ ಗಾಡಿಯ ಎರಡೂ ಮಗ್ಗುಲು ಎರಡು ತ್ರಿಕೋನ ಆಗುತ್ತಿದ್ದವು. ಕನ್ನಡಿಗೆ ಕಾಣದ ಜಾಗ. ಎದುರುಮನೆಯ ಮುದುಕಿ ಕಟ್ಟೆಯ ಮೇಲಿಂದ ಕೇಳಿದಳು, “ಏನ್ ಮಾಸ್ತರ, ರಂಗೋಲಿ ಹಾಕಾಕತ್ತೀರೇನು?”

“ಹೌದ ಯವ್ವಾ, ಯಮಗ ಹಾಕೀನಿ. ಅಂವ ಇಲ್ಲಿಂದನ ಬರ್ತಾನ.”

ತಮ್ಮ ಕನ್ನಡಿಗಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಊರಿನ ಎಲ್ಲರ ಕನ್ನಡಿಯೂ ಅವರಿಗೆ ಬೇಕು. ಅರ್ಧ ಊರು ಕನ್ನಡಿಯನ್ನೇ ಕಿತ್ತು ಮನೆಯ ಅಟ್ಟಕ್ಕೆ ಎಸೆದಿರುತ್ತದೆ. ಉಳಿದರ್ಧ ಕ್ರಾಪು ನೋಡಿಕೊಳ್ಳಲು ಒಳಕ್ಕೆ ತಿರುಗಿಸಿಕೊಂಡಿರುತ್ತದೆ. ಅಂಥವರನ್ನು ಪೆಟ್ರೋಲಿನ ಸಾಲಿನಲ್ಲಾಗಲಿ, ಸಂತೆಯಲ್ಲಾಗಲಿ ಹಿಡಿದು ನಿಲ್ಲಿಸುವರು. ಚೀಲದಲ್ಲಿ ಹದಿನಾಲ್ಕು ನಂಬರಿನ ಪಾನಾ ಇದ್ದೇ ಇರುತ್ತಿತ್ತು. ಒಮ್ಮೆ ನಮ್ಮವರೇ ಸಿಕ್ಕಿಬಿದ್ದರು.

“ನಿಮ್ಮ ಕನ್ನಡ್ಯಾಗ ಏನ್ ಕಾಣಸ್ತದ್ರಿ?”

“ನನ್ನ ಹೆಗಲು. ಅಂಗಿ.”

“ಮನ್ಯಾಗ ಕಪಾಟಿಗೆ ಕನ್ನಡಿ ಇಲ್ಲೇನ್ರಿ? ಅಂಗಿ ಅಲ್ಲೇ ನೋಡ್ಕೊಂಡು ಬರ್ರಿ.” ಬುಡದ ನಟ್ಟು ಸಡಿಲಿಸಿ, ಕನ್ನಡಿಯ ಕೋಲನ್ನು ಹೊರಕ್ಕೆ ತಿರುಗಿಸಿ, “ಮೊಣಕೈ ಇಷ್ಟ ಚೂರು ಕಾಣಬೇಕು. ಎಲ್ಲಿಂದ ನೋಡ್ಲಿಕ್ಕತ್ತೀನಿ ಅಂತ ಕಣ್ಣಿಗೆ ಗುರ್ತು ಹತ್ತಲಿಕ್ಕೆ. ಉಳದದ್ದೆಲ್ಲಾ ಹಿಂದಿಂದು. ಅರ್ಧ ರಸ್ತಾ, ಅರ್ಧ ಆಕಾಶ. ಆಕಾಶ ಹೆಚ್ಚಾದ್ರ ಮ್ಯಾಲೆ ಹೋಗ್ತೀರಿ, ಅಷ್ಟ,” ಅಂದರು. ಕನ್ನಡಿ ನಡುಗುತ್ತದೆಂದು ಹಳೆಯ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ನಟ್ಟಿನ ಕೆಳಗೆ ಇಟ್ಟು ಬಿಗಿದರು. ಏಳುವಾಗ ಇನ್ನೊಂದು ಮಾತು: “ಇದು ಉಬ್ಬು ಕನ್ನಡಿ. ಸುಳ್ಳ ಹೇಳ್ತದ. ಟ್ರಕ್ ಸಣ್ಣದು ಕಂಡ್ರ ದೂರ ಅದ ಅಂತ ತಿಳೀಬ್ಯಾಡ್ರಿ. ಆಗಲೇ ಬೆನ್ನಿಗೆ ಬಂದಿರ್ತದ.”

ಮುದ್ದೇಬಿಹಾಳದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ಮದುವೆಗೆ ಹೋದವರು ಅಕ್ಷತೆ ಹಾಕುವುದನ್ನು ಬಿಟ್ಟು ಮಂಟಪದ ಮುಂದೆ ಮದುಮಗನ ಗಾಡಿಯ ಹತ್ತಿರ ನಿಂತಿದ್ದರಂತೆ. ಆರು ತಿಂಗಳ ಹಿಂದೆ ಕೊಂಡ ಗಾಡಿ. ಹೊಸದಾಗಿಯೇ ಇರಲಿ ಎಂದು ಕನ್ನಡಿಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ತೆಗೆದೇ ಇರಲಿಲ್ಲ. ಇವರು ಉಗುರಿನಿಂದ ಸಿಪ್ಪೆ ಸುಲಿದ ಹಾಗೆ ಸುಲಿಯುತ್ತಿದ್ದರೆ ಮದುಮಗನ ತಾಯಿ, “ಅಯ್ಯ, ಹೊಸಾ ಗಾಡಿ ಹಳೇದು ಮಾಡಾಕತ್ತಾರಲ್ಲೊ ಯಪ್ಪಾ!” ಎಂದು ಒದರಿಕೊಂಡಳಂತೆ. ಇದನ್ನು ಹೇಳುವಾಗ ಮಾಸ್ತರರು ಎಷ್ಟು ನಗುತ್ತಿದ್ದರೆಂದರೆ ಚಹಾ ಚೆಲ್ಲುತ್ತಿತ್ತು. ಕುತ್ತಿಗೆ ಮಾತ್ರ ನೆಟ್ಟಗೆ.

ಎಲ್ಲರೂ ನಕ್ಕು ಸುಮ್ಮನಾಗದ ವಿಷಯ ಒಂದಿತ್ತು. ನಮ್ಮಲ್ಲಿ ಖಂಡೇಪೂಜೆಯ ದಿನ ಗಾಡಿಯ ಮೈಯೆಲ್ಲ ವಿಭೂತಿ, ಕುಂಕುಮ; ಕನ್ನಡಿಗೂ ಮೂರು ಬೆರಳು ಬೀಳುತ್ತದೆ. ಕೆಲವರದು ದೀಪಾವಳಿಯ ತನಕ ಹಾಗೇ ಇರುತ್ತದೆ. ಮಾಸ್ತರರು ಆ ದಿನ ಒದ್ದೆ ಬಟ್ಟೆ ಹಿಡಿದು ತಿರುಗುವರು. “ಟಾಕಿಗೆ ಹಚ್ರಿ, ದೀಪಕ್ಕ ಹಚ್ರಿ, ಕನ್ನಡಿ ಬಿಡ್ರಿ.” ಕೇಳಿದವರಿದ್ದರು, ಮುಖ ಗಂಟಿಕ್ಕಿದವರಿದ್ದರು. ಅವರ ಮನೆತನದಲ್ಲಿ ಹಣೆಗೆ ಗಂಧ, ಅಂಗಾರ, ನಮ್ಮದು ವಿಭೂತಿ. ಬಸವಣ್ಣ ಹುಟ್ಟಿದ ಊರಲ್ಲಿ, ವಿಭೂತಿ ಹಚ್ಚದ ಮನುಷ್ಯ ವಿಭೂತಿ ಒರೆಸುತ್ತ ಹೋದರೆ ನೋಡುವವರಿಗೆ ಹೇಗೆ ಕಾಣುತ್ತದೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಅವರಿಗೆ ಕಂಡದ್ದು ಬರೀ ಗಾಜು.

ಈ ಮಾತನ್ನು ನಾನು ನೂರು ಸಲ ಕೇಳಿದ್ದೆ. ಅವರ ಕುತ್ತಿಗೆಯನ್ನು ಟೇಪಿನಲ್ಲಿ ಅಳೆದವಳೂ ನಾನೇ. ಆದರೂ ಎಂಟು ವರ್ಷದ ಹಿಂದಿನ ಖಂಡೇಪೂಜೆಯ ದಿನ ಅದನ್ನು ಮಾಡಿದೆ.

ಅವರ ಗಾಡಿ ನಮ್ಮ ಗಾಡಿಯ ಮಗ್ಗುಲಿಗೇ ನಿಂತಿತ್ತು. ನಮ್ಮವರು ಪೇಟೆಗೆ ಹೋಗಿದ್ದರು. ಮಾಸ್ತರರು ಸ್ನಾನಕ್ಕೆ ಹೋಗಿದ್ದರು. ಅವರ ಗಾಡಿಗೆ ಪೂಜೆ ಮಾಡುವವರು ಯಾರೂ ಇಲ್ಲವಲ್ಲ ಎನಿಸಿತು. ಮಷಿನ್ನಿನಿಂದ ಕತ್ತರಿಗೆ, ಕತ್ತರಿಯಿಂದ ಗಾಡಿಗೆ ಬಂದ ಕೈ ನಿಲ್ಲದೆ ಹೋಯಿತು. ದೀಪ, ಟಾಕಿ, ಆ ಕನ್ನಡಿ, ಈ ಕನ್ನಡಿ. ನನ್ನ ನಡುಬೆರಳಿಗೆ ಹಿಂದೊಮ್ಮೆ ಮಷಿನ್ನಿನ ಸೂಜಿ ಹೊಕ್ಕು ಅದು ಸೊಟ್ಟಗಾಗಿದೆ. ನಾನು ಎಳೆದ ಮೂರು ಗೆರೆಯಲ್ಲಿ ನಡುವಿನದು ಯಾವಾಗಲೂ ತುಂಡು.

ಅವರು ಹೊರಗೆ ಬಂದರು. ಗೊಳಸಂಗಿಯಲ್ಲಿ ಜೊತೆಯ ಮಾಸ್ತರರ ಮನೆಗೆ ಊಟಕ್ಕೆ ಹೊರಟಿದ್ದರು. ಗಾಡಿ ನೋಡಿದರು. ಕೈ ಕರವಸ್ತ್ರದ ಜೇಬಿಗೆ ಹೋಯಿತು, ಅಲ್ಲಿಯೇ ಒಂದು ಗಳಿಗೆ ಇತ್ತು, ಖಾಲಿಯಾಗಿ ಹೊರಗೆ ಬಂತು. “ಪೂಜಿ ಆತೇನ್ರಿ ಅಕ್ಕಾರ? ಛಲೋ ಆತು,” ಅಂದು ಗಾಡಿ ಏರಿದರು. ಅವರು ಓಣಿಯ ತಿರುವಿನಲ್ಲಿ ಮರೆಯಾದ ಮೇಲೆ ನನಗೆ ಕನ್ನಡಿಯ ಮಾತು ನೆನಪಾಯಿತು. ಒದ್ದೆ ಬಟ್ಟೆ ಕೈಯಲ್ಲೇ ಇತ್ತು. ಕೂಗಬಹುದಿತ್ತು. ಇರಲಿ, ಮುಂದೆ ಎಲ್ಲಾದರೂ ನಿಂತು ತಾವೇ ಒರೆಸಿಕೊಳ್ಳುತ್ತಾರೆ, ಊರಿನದೆಲ್ಲ ಒರೆಸುವವರು ತಮ್ಮದು ಬಿಟ್ಟಾರೆಯೇ ಎಂದು ಒಳಗೆ ಬಂದು ಹೋಳಿಗೆಗೆ ಕೂತೆ.

ಅವರು ಒರೆಸಲಿಲ್ಲ. ಹೆದ್ದಾರಿಯಲ್ಲಿ ಎಮ್ಮೆಯೊಂದನ್ನು ತಪ್ಪಿಸಲು ಬಲಕ್ಕೆ ಸರಿದರಂತೆ. ಹಿಂದೆ ಕ್ರೂಸರ್ ಜೀಪು ಬರುತ್ತಿದ್ದದ್ದು ಕಾಣಲಿಲ್ಲ. ಸವರಿಕೊಂಡು ಹೋಯಿತು. ಹೆಗಲಿನ ಎಲುಬು ಮುರಿಯಿತು, ಒಂದು ಮಣಿಕಟ್ಟು ಮುರಿಯಿತು. ಜೀವಕ್ಕೇನೂ ಆಗಲಿಲ್ಲ. ಆದರೆ ದವಾಖಾನೆಯಲ್ಲಿ ತೆಗೆದ ಫೋಟೋದಲ್ಲಿ ಕುತ್ತಿಗೆಯ ಗುಟ್ಟು ಬಯಲಾಯಿತು.

ಸಂಜೆ ನಾನು ಡಬ್ಬಿ ಕಟ್ಟಿಕೊಂಡು ಹೋದಾಗ ಇಂಡಿಯಿಂದ ತಮ್ಮ ಬಂದು ಮಂಚದ ಹತ್ತಿರ ನಿಂತಿದ್ದ. ಕೈಯಲ್ಲಿ ಮುರಿದ ಬಲಗನ್ನಡಿ. ನಮ್ಮವರು ಗೋಡೆಗೆ ಆತು ನಿಂತಿದ್ದರು.

“ಇದಕ್ಕ ಯಾರು ಹಚ್ಚಿದ್ರು?” ತಮ್ಮ ಕೇಳಿದ.

ನಾನು ಡಬ್ಬಿಯ ಬಟ್ಟೆಯ ಗಂಟನ್ನು ಇನ್ನೊಮ್ಮೆ ಬಿಗಿದೆ.

“ನಾನ,” ಅಂದರು ಮಾಸ್ತರರು, ಛಾವಣಿ ನೋಡುತ್ತ.

“ನೀ ಎಂದ ವಿಭೂತಿ ಹಚ್ಚಾಂವ ಅಣ್ಣಾ?”

“ಬಸವಣ್ಣನ ಊರಾಗ ಇದ್ದೀನಿ. ಕಲ್ತೀನಿ.”

ನನ್ನ ಕಡೆ ಅವರು ನೋಡಲಿಲ್ಲ. ನೋಡಬೇಕೆಂದರೂ ಆಗುತ್ತಿರಲಿಲ್ಲ, ನಾನು ಅವರ ಮಗ್ಗುಲಿಗೆ, ಖಡುವಿನ ಗೆರೆಯ ಒಳಗೆ ನಿಂತಿದ್ದೆ. ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು ಬಂದುಬಿಟ್ಟೆ.

ವಾರದಲ್ಲಿ ಖೋಲಿ ಖಾಲಿಯಾಯಿತು. ತಮ್ಮ ಅವರನ್ನು ಇಂಡಿಗೆ ಕರೆದೊಯ್ದ. ಗಾಡಿ ಮಾರಿದರು. ಪ್ರತಿವರ್ಷ ಬನ್ನಿಯ ದಿನ ಮಾಸ್ತರರ ಫೋನು ಬರುತ್ತಿತ್ತು. “ಬಂಗಾರದಂಗ ಇರೂಣ್ರಿ ಅಕ್ಕಾರ. ಗಾಡಿ ಕನ್ನಡಿ ಹೆಂಗವ?” ಈ ಸಲ ಹೇಳಿಬಿಡಬೇಕು, ಅದು ನಾನೇ ಎಂದು ಒಪ್ಪಿಕೊಂಡುಬಿಡಬೇಕು ಎಂದುಕೊಳ್ಳುವೆ. ಹೂರಣ ಎಷ್ಟು ರುಬ್ಬಿದೆ, ಮಳೆ ಹೇಗಾಯಿತು, ಯಾರಿಗೆ ಬಾಣಂತನ, ಇಂಥವನ್ನೇ ಹೇಳಿ ಫೋನು ಇಡುವೆ. ಇಟ್ಟ ಮೇಲೆ ಎರಡು ದಿನ ಮಷಿನ್ನಿನಲ್ಲಿ ದಾರ ಕಡಿಯುತ್ತಲೇ ಇರುತ್ತದೆ. ಓಣಿ ದಾಟಿ ಒರೆಸಿಕೊಳ್ಳಬಹುದಿತ್ತಲ್ಲ, ಯಾಕೆ ಒರೆಸಲಿಲ್ಲ? ಇದೊಂದು ಕೇಳಬೇಕಿತ್ತು. ಕೇಳಿದರೆ ಮೊದಲಿನದೂ ಹೇಳಬೇಕಾಗುತ್ತದೆ.

ಹತ್ತು ದಿನದ ಹಿಂದೆ ಅವರ ಮನೆಯವರನ್ನು ಮಾತಾಡಿಸಿ ಬರಲು ಒಬ್ಬಳೇ ಇಂಡಿಗೆ ಹೋದೆ. ಸಿಂದಗಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಹಿಂದೆ ಬರುವ ಗಾಡಿಗಳ ಕನ್ನಡಿ ಎಣಿಸಿದೆ. ಎರಡೂ ಇದ್ದದ್ದು ಕಡಿಮೆ. ಆ ಮನೆಯ ಪಡಸಾಲೆಯಲ್ಲಿ ರಸ್ತೆಗೆ ಮುಖ ಮಾಡಿ ಒಂದು ಕಟ್ಟಿಗೆಯ ಕುರ್ಚಿ. ಅದರ ಎರಡೂ ಕೈಗಳಿಗೆ ಮೋಟರ್‌ಸೈಕಲ್ಲಿನ ಎರಡು ಕನ್ನಡಿ ಬಿಗಿದಿದ್ದವು, ಕೆಳಗೆ ಸೈಕಲ್ ಟ್ಯೂಬಿನ ತುಂಡು ಸಹಿತ. ಒಳಗಿನಿಂದ ಯಾರು ಬಂದರೂ ಕಾಣಲೆಂದು. ಬಲಗನ್ನಡಿಯ ಕೋಲಿಗೆ ಬೆಸುಗೆ ಹಾಕಿಸಿದ್ದರು. ನನ್ನ ಕಣ್ಣು ವಿಭೂತಿಯ ಕಲೆ ಹುಡುಕಿತು. ಏನೂ ಇರಲಿಲ್ಲ.

ತಮ್ಮನ ಹೆಂಡತಿ ಚಹಾ ತಂದು ಕೊಟ್ಟು ಹೇಳಿದಳು: “ವರ್ಷಾ ಖಂಡೇಪೂಜಿ ದಿನ ಎಲ್ಲಾದಕ್ಕೂ ಗಂಧಾ ಹಚ್ಚತಿದ್ವಿ. ಈ ಕನ್ನಡಿ ಮುಟ್ಟಲಿಕ್ಕೆ ಬಿಡ್ತಿದ್ದಿಲ್ರಿ. ‘ಇದರ ಪೂಜಿ ಬಾಗೇವಾಡ್ಯಾಗ ಆಗೇದ’ ಅಂತಿದ್ರು.”

“ನಕ್ಕೋತ ಅಂತಿದ್ರೇನ್ರಿ, ಸಿಟ್ಟಿಲೆ ಅಂತಿದ್ರೇನ್ರಿ?”

“ನಾ ಬಾಗಲ್ದಾಗ ನಿಂತಿರ್ತಿದ್ದೆ. ಕನ್ನಡ್ಯಾಗ ಅವರ ಕಣ್ಣಷ್ಟ ಕಾಣ್ತಿದ್ವು. ಏನಂತ ಹೇಳ್ಲಿರಿ?”

ಕುರ್ಚಿಯಲ್ಲಿ ಕೂಡಿರೆಂದು ಅವಳು ಅಂದಳು. ಕೂಡಲಿಲ್ಲ. ಚಹಾ ನಿಂತೇ ಕುಡಿದೆ.

ಆ ಚಹಾದ ದಿನದಿಂದ ನಿನ್ನೆಯವರೆಗೆ ಏನು ಹೊಲಿದೆನೋ, ಎಷ್ಟು ಬಿಚ್ಚಿದೆನೋ. ನಿನ್ನೆ ಕೈ ಕನ್ನಡಿಯ ಮುಂದೆ ಹಾಗೇ ನಿಂತಿದ್ದಾಗ ನಮ್ಮವರು ಹಿಂದಿನಿಂದ ಬಂದು, “ಕನ್ನಡಿ ಬಿಡು,” ಅಂದರು.

“ಬಿಟ್ಟೇನಿ. ಆವತ್ತ ಬಿಟ್ಟಿದ್ದಿಲ್ಲ.”

ಹೊಸ್ತಿಲ ಮೇಲೆ ಕುಳಿತು ಹೇಳಿದೆ. ಟೇಪು, ಕುತ್ತಿಗೆ, ಕೊಟ್ಟ ಮಾತು, ವಿಭೂತಿ, ಕೈಯಲ್ಲಿದ್ದ ಒದ್ದೆ ಬಟ್ಟೆ, ಎಲ್ಲ. ಬೆರಳಿನ ವಿಭೂತಿ ಒಣಗಿ ಉದುರುತ್ತಿತ್ತು.

“ಹಚ್ಚಿದ್ದು ನೀ ಅಂತ ಗೊತ್ತಿತ್ತು,” ಅಂದರು. “ದವಾಖಾನ್ಯಾಗ ನೋಡಿದ್ದೆ. ನಡುವಿನ ಗೆರಿ ತುಂಡಿತ್ತಲ್ಲ.”

“ಮತ್ತ ಎಂಟ ವರ್ಷ ಸುಮ್ಮನ ಕುಂತ್ರಿ?”

“ನಂದೂ ಒಂದು ಇತ್ತು.”

ಗಾಡಿಗೆ ಆತು ನಿಂತು ಹೇಳಿದರು. ಅಪಘಾತದ ಹಿಂದಿನ ವರ್ಷ ಪೇಟೆಯ ಗ್ಯಾರೇಜಿನ ಪೂಜೆಯಲ್ಲಿ ಮಿಸ್ತ್ರಿ ಎಲ್ಲರ ಗಾಡಿಗೂ, ಕನ್ನಡಿಗೂ ವಿಭೂತಿ ಹಚ್ಚಿದ್ದನಂತೆ. ಮಾಸ್ತರರು ಹಚ್ಚಿದವನ ಮುಂದೆ ಏನೂ ಅನ್ನದೆ, ಊರ ಅಗಸಿ ಬಾಗಿಲು ದಾಟಿದ ಮೇಲೆ ನಿಂತು ತಮ್ಮ ಕನ್ನಡಿ ಒರೆಸಿಕೊಂಡದ್ದನ್ನು ಇವರ ಗೆಳೆಯರು ಕಂಡರಂತೆ. ಮರುದಿನ ಗ್ಯಾರೇಜಿನಲ್ಲಿ ಹತ್ತು ಮಂದಿಯ ಮುಂದೆ ಇವರು, “ಏನ್ ಸರ, ನಮ್ಮ ವಿಭೂತಿ ಕೈ ಸುಡ್ತೈತೇನ್ರಿ? ನಮ್ಮ ಮುಂದ ಹಚ್ಚಿಸ್ಕೊಂಡು ಅಗಸಿ ದಾಟಿ ಒರಸ್ತೀರಂತ?” ಅಂದಿದ್ದರಂತೆ.

“ಚ್ಯಾಷ್ಟಿ ಮಾಡಿದ್ದೆ. ಎಲ್ಲಾರೂ ನಕ್ರು.”

“ಅವರೇನಂದ್ರು?”

“‘ತಪ್ಪಾತ್ರಿ. ಇನ್ನ ಒರಸೂದಿಲ್ಲ’ ಅಂದ್ರು. ಅವರೂ ನಕ್ಕೋತನ ಅಂದ್ರು.” ಟಾಕಿಯ ಮೇಲೆ ಬಿದ್ದ ಹೂವಿನ ಎಸಳು ತೆಗೆಯುತ್ತ, “ಕುತ್ತಿಗಿದು ನನಗೇನ್ ಗೊತ್ತು? ಕನ್ನಡಿ ಹುಚ್ಚ ಅಂತ ತಿಳದಿದ್ದೆ. ನೀ ಒಂದ ಮಾತ ಹೇಳಿದ್ದಿ ಅಂದ್ರ,” ಎಂದು ಅಲ್ಲಿಗೇ ಬಿಟ್ಟರು.

“ನೀವು ಒಂದ ಮಾತ,” ಎಂದು ನಾನೂ ಅಲ್ಲಿಗೇ ಬಿಟ್ಟೆ.

ಎದುರುಮನೆಯ ಮುದುಕಿ ಕಟ್ಟೆಯಿಂದ, “ಪೂಜಿ ಮುಗೀತೇನ್ರೆ?” ಎಂದು ಕೂಗಿದಳು. ನಮ್ಮವರು ಒಳಗಿನಿಂದ ಒಣ ಬಟ್ಟೆ ತಂದು ಸ್ವಚ್ಛವಾಗಿಯೇ ಇದ್ದ ಎರಡೂ ಕನ್ನಡಿಗಳನ್ನು ಒರೆಸಿದರು. ಗಾಡಿಯ ಮೇಲೆ ಕುಳಿತು ಎರಡೂ ಕೈ ಹ್ಯಾಂಡಲ್ಲಿಗೆ ಹಾಕಿದರು. “ಹಿಂದ ಹೋಗಿ ನಿಂದ್ರು,” ಅಂದರು.

ಹೋಗಿ ನಿಂತೆ. “ಕಾಣ್ತೇನೇನ್ರಿ?”

“ಕಾಣ್ತಿ.”

ಬಲಕ್ಕೆ ಒಂದು ಹೆಜ್ಜೆ ಇಟ್ಟೆ. ಇನ್ನೊಂದು. “ಈಗ?”

“ಈಗಿಲ್ಲ.”

ಅಲ್ಲಿ ಸ್ವಲ್ಪ ಹೊತ್ತು ನಿಂತೆ. ಅವರು ಕುತ್ತಿಗೆ ಹೊಳ್ಳಿಸಿ ನೋಡಬಹುದಿತ್ತು. ನೋಡಲಿಲ್ಲ. ಕನ್ನಡಿಯನ್ನೇ ನೋಡುತ್ತ, ಬೆರಳಿನಿಂದ ಅಂಚನ್ನು ಕೂದಲೆಳೆಯಷ್ಟು ಒತ್ತಿದರು, ಮತ್ತೆ ಕೂದಲೆಳೆಯಷ್ಟು, ನಾನು ಕಾಣುವ ತನಕ.

ಮಧ್ಯಾಹ್ನ ಹೋಳಿಗೆ, ತುಪ್ಪ, ಕಟ್ಟಿನ ಸಾರು, ಹೀರೇಕಾಯಿ ಭಜಿ. ಇವರು ಒಂದೇ ಹೋಳಿಗೆ ತಿಂದರು. ಸಂಜೆ ಅದೇ ಸಾರು, ಅನ್ನ. ಒಂಬತ್ತಕ್ಕೆ ಇವರು ಮೊದಲು ಹಾಸಿಗೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಾನು ಕತ್ತರಿ, ಈಳಿಗೆಗಳನ್ನು ಜಾಗಕ್ಕಿಟ್ಟು ಬಂದು ದೀಪ ಆರಿಸಿದೆ. ಎಂಟು ವರ್ಷದಿಂದ ಇವರ ಗೊರಕೆ ಕೇಳುತ್ತ ಎಚ್ಚರ ಇರುವುದು ನನ್ನ ಪಾಡು. ನಿನ್ನೆ ಗೊರಕೆ ಕೇಳಿದ ನೆನಪಿಲ್ಲ. ಮೊದಲು ನಿದ್ದೆ ಹತ್ತಿದ್ದು ನನಗೇ ಇರಬೇಕು.